ಕಾಗದದ ಹಂದಿಗೆ ಹೊರಟ ರೈಫಲ್ಲು

"ಏರ್‌ಪೋರ್ಟಲ್ಲಿ ಯಾರಾದ್ರೂ ನಮ್ಮ ಕಡೆ ಬೆರಳು ತೋರಿಸ್ಲಿ ನೋಡೋಣ! ನಾನು ಕಟ್ಟಿದ ಲಗೇಜಲ್ಲಿ ಒಂದು ಗುಂಡುಸೂಜಿ ಹೆಚ್ಚಿರಲ್ಲ, ಒಂದು ಗುಂಡುಸೂಜಿ ಕಮ್ಮಿ ಇರಲ್ಲ!"

ಸಾರಕ್ಕಿಯ ಮೂರಂತಸ್ತಿನ ಮನೆಯ ನಡುಮನೆಯಲ್ಲಿ, ಬಾಯ್ದೆರೆದ ಸೂಟ್‌ಕೇಸುಗಳ ಮಧ್ಯೆ ನಿಂತು ದಿವ್ಯ ಹೀಗೆ ಘೋಷಿಸಿದಳು. ಗಂಡ ನಂದಕುಮಾರ್ ಕಾಲುಚೀಲದ ಜೋಡಿ ಹುಡುಕುತ್ತಿದ್ದ. ಮಾವ ಬೋರಣ್ಣ ಕಟಕಟನೆ ಅಡಕೆ ಕತ್ತರಿಸುತ್ತಿದ್ದರು. ಅತ್ತೆ ಮಂಗಮ್ಮ ಮಾತ್ರ ದೇವರಮನೆಯಿಂದ ತಲೆ ಹೊರಹಾಕಿ, "ಆಯ್ತವ್ವ" ಎಂದರು. ಆ ಒಂದು "ಆಯ್ತವ್ವ"ದ ಹೊಟ್ಟೆಯಲ್ಲಿ ಏನೆಲ್ಲ ಇತ್ತು ಎಂಬುದು ತಿಳಿದದ್ದು ಮಾರನೆಯ ದಿನ, ವಿಮಾನ ನಿಲ್ದಾಣದಲ್ಲಿ, ಪೊಲೀಸರ ಸಮ್ಮುಖದಲ್ಲಿ!

ದಿವ್ಯಳ ಹೆದರಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಬೇರೆ ಸಂಸಾರಗಳು ವಿದೇಶಕ್ಕೆ ಹೊರಡುವಾಗ ಉಪ್ಪಿನಕಾಯಿ ಸೋರೀತೇ ಎಂದು ಚಿಂತಿಸುತ್ತವೆ. ಇವರು ಒಯ್ಯುತ್ತಿದ್ದದ್ದು ಬೇಟೆ ರೈಫಲ್ಲು! ಜೊತೆಗೆ ಒಂದು ಡಬ್ಬಿ ಗುಂಡು!

ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ನಂದಕುಮಾರನ ತಾತ ರಾಗಿ ಹೊಲಕ್ಕೆ ನುಗ್ಗುವ ಹಂದಿಗಳಿಗೆಂದು ಲೈಸೆನ್ಸು ಮಾಡಿಸಿ ಕೊಂಡ ರೈಫಲ್ಲು ಅದು. ಈಗ ಆ ಹೊಲದಲ್ಲಿ ಸೂಪರ್ ಮಾರ್ಕೆಟ್ ಇದೆ; ಹಂದಿ ಬಂದರೂ ಅದಕ್ಕೆ ಪಾರ್ಕಿಂಗ್ ಸಿಗುವುದಿಲ್ಲ. ಲೈಸೆನ್ಸು ಬೋರಣ್ಣನವರ ಹೆಸರಿಗೆ ಬಂದ ಮೇಲೆ ರೈಫಲ್ಲು ಆಯುಧಪೂಜೆಗೊಮ್ಮೆ ಬೀರುವಿನಿಂದ ಹೊರಬಂದು, ಕುಂಕುಮ ಇಡಿಸಿಕೊಂಡು, ಮರ್ಯಾದೆಯಾಗಿ ಒಳಗೆ ಹೋಗುತ್ತಿತ್ತು. ನಂದಕುಮಾರ್ ಲೈಸೆನ್ಸಿಗೆ ತನ್ನ ಹೆಸರನ್ನೂ ಸೇರಿಸಿಕೊಂಡು ಅದನ್ನು ಕ್ಲಬ್ಬಿಗೆ ಒಯ್ದ. ಭಾನುವಾರದ ಮಸಾಲೆದೋಸೆಗಳನ್ನೆಲ್ಲ ತ್ಯಾಗ ಮಾಡಿ ಗುರಿ ಕಲಿತ. ಈಗ ಫಿನ್ಲೆಂಡಿನಿಂದ ಕರೆ ಬಂದಿತ್ತು. ಹಳೆಯ ಬೇಟೆ ರೈಫಲ್ಲುಗಳ ಸ್ಪರ್ಧೆ. ಓಡುವ ಹಂದಿಗೆ ಹೊಡೆಯಬೇಕು. ಹಂದಿ ಮಾತ್ರ ಕಾಗದದ್ದು.

"ಕಾಗದದ ಹಂದಿಗಾ?" ಮಂಗಮ್ಮ ಮೂಗಿನ ಮೇಲೆ ಬೆರಳಿಟ್ಟಿದ್ದರು. "ನಿಮ್ಮ ತಾತ ಹಿತ್ತಲಲ್ಲೇ ನಿಂತು ನಿಜವಾದ್ದು ಹೊಡೀತಿದ್ರು ಕಣೋ. ವಿಮಾನದ ಖರ್ಚಿರಲಿಲ್ಲ, ಸಾರಿಗೂ ಆಗ್ತಿತ್ತು!"

ಗಂಡನೊಬ್ಬನನ್ನೇ ಕಳಿಸಲು ದಿವ್ಯಳಿಗೆ ಭಯ. ಮೂರು ವರ್ಷದ ಲಿಖಿತ್‌ನನ್ನು ಎತ್ತಿಕೊಂಡು ಜೊತೆಗೆ ಹೋಗಲು ಇನ್ನೂ ಭಯ. ಎರಡು ಭಯಗಳನ್ನೂ ತೂಗಿ ನೋಡಿ, ಕಣ್ಣೆದುರಿಗಿರುವ ಭಯವೇ ವಾಸಿ ಎಂದು ಹೊರಟುನಿಂತಿದ್ದಳು. ಜಯನಗರದ ಕಾನ್ವೆಂಟಿನಲ್ಲಿ ಓದಿದವಳು. ವಿಮಾನದ ನಿಯಮಗಳನ್ನೆಲ್ಲ ಬೋರ್ಡ್ ಪರೀಕ್ಷೆಗೆ ಉರು ಹೊಡೆಯುವಂತೆ ಹೊಡೆದಿದ್ದಳು. ರೈಫಲ್ಲಿಗೊಂದು ಪೆಟ್ಟಿಗೆ, ಗುಂಡಿಗೊಂದು ಪೆಟ್ಟಿಗೆ, ಬೇರೆ ಬೇರೆ ಬೀಗ. ಎರಡೂ ವಿಮಾನದ ಹೊಟ್ಟೆಗೆ ಹೋಗಬೇಕೇ ಹೊರತು ಕೈಯಲ್ಲಿ ಕೂಡದು. ಪೊಲೀಸರು ರೈಫಲ್ಲಿನ ನಂಬರ್ ನೋಡುತ್ತಾರೆ, ಗುಂಡು ಎಣಿಸುತ್ತಾರೆ. ಪರವಾನಗಿಗೂ ಪೆಟ್ಟಿಗೆಗೂ ತಾಳೆಯಾಗದಿದ್ದರೆ ಪ್ರಯಾಣ ಅಲ್ಲಿಗೇ ಮಂಗಳಂ! ವಿಮಾನ ತಪ್ಪಿದರೆ ಸ್ಪರ್ಧೆ ತಪ್ಪಿತು. ಸ್ಪರ್ಧೆ ತಪ್ಪಿದರೆ ಅಷ್ಟೂ ಭಾನುವಾರಗಳ ದೋಸೆ ವ್ಯರ್ಥವಾಯಿತು.

"ಅತ್ತೆ, ನಿಮಗೆ ಕೈ ಮುಗೀತೀನಿ. ಪೆಟ್ಟಿಗೆಗಳಿಗೆ ಏನೂ ಹಾಕ್ಬೇಡಿ. ಹುರಿಹಿಟ್ಟು ಬೇಡ, ಚಟ್ನಿಪುಡಿ ಬೇಡ, ನಿಂಬೆಹಣ್ಣು ಬೇಡ, ಪ್ರಸಾದದ ಹೂವಿನ ಎಸಳೂ ಬೇಡ. ಏನೂ ಹಾಕ್ಬೇಡಿ!"

"ಏನೂ ಹಾಕಲ್ಲ ತಾಯಿ."

"ಆಣೆ?"

"ಬನಶಂಕರಮ್ಮನ ಆಣೆ."

ಇಷ್ಟೆಲ್ಲ ಬಿಗಿ ಮಾಡಿದ ದಿವ್ಯಳ ಧೈರ್ಯವೇ ಹೊರಡುವ ದಿನ ಬೆಳಿಗ್ಗೆ ಕೈಕೊಟ್ಟಿತು. "ಅತ್ತೆ, ಯಾಕೋ ಎದೆ ಹೊಡ್ಕೋತಿದೆ. ಒಂದು ಮಂಗಳಾರತಿ ಮಾಡ್ಬಿಡಿ" ಎಂದು ತಾನೇ ಎರಡೂ ಪೆಟ್ಟಿಗೆಗಳನ್ನು ದೇವರಮನೆಗೆ ಹೊರಿಸಿ, ತಾನೇ ಬೀಗ ತೆಗೆದಳು. ಮಂಗಮ್ಮ ಕರ್ಪೂರ ಹಚ್ಚುವ ಹೊತ್ತಿಗೆ ಸರಿಯಾಗಿ ಬಚ್ಚಲಿಂದ ಲಿಖಿತ್‌ನ ಕೂಗು ಕೇಳಿತು. ಓಡಿದಳು. ಅವನು ಅಪ್ಪನ ಶೇವಿಂಗ್ ಕ್ರೀಮನ್ನು ಮುಖಕ್ಕೆಲ್ಲ ಬಳಿದುಕೊಂಡಿದ್ದ. ತೊಳೆದು ತರುವಷ್ಟರಲ್ಲಿ ಪೂಜೆ ಮುಗಿದು ಪೆಟ್ಟಿಗೆಗಳ ಮುಚ್ಚಳ ಬಿದ್ದಿತ್ತು. ದಿವ್ಯ ಬೀಗ ಜಡಿದು, ಕೀಲಿಗಳನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡು, "ಇನ್ನು ಬ್ರಹ್ಮ ಬಂದರೂ ತೆಗೆಯಲಾರ" ಎಂದುಕೊಂಡಳು.

ಬ್ರಹ್ಮ ಬರಲಿಲ್ಲ. ನಿಲ್ದಾಣದಲ್ಲಿ ಸಂಜೀವಯ್ಯ ಎಂಬ ಪೊಲೀಸ್ ಅಧಿಕಾರಿ ಬಂದರು. ಹುರಿಮಾಡಿದ ಮೀಸೆ, ಯಾವುದಕ್ಕೂ ಆಶ್ಚರ್ಯಪಡದ ಮುಖ.

"ತೆಗೀರಿ ಸಾರ್, ರೈಫಲ್ ನೋಡೋಣ."

ಮುಚ್ಚಳ ಎತ್ತಿದರೆ ಕರ್ಪೂರದ ಪರಿಮಳ ಕೌಂಟರಿನ ತುಂಬ ಹಬ್ಬಿತು! ರೈಫಲ್ಲು ಮೊದಲ ಮಂಗಳಗೌರಿ ಪೂಜೆಗೆ ಕುಳಿತ ಮದುಮಗಳಂತೆ ನಳಿಗೆಯಿಂದ ಹಿಡಿಯವರೆಗೆ ಅರಿಶಿನ ಕುಂಕುಮ ಮೆತ್ತಿಕೊಂಡು ಮಲಗಿತ್ತು. ಸಂಜೀವಯ್ಯನವರ ಮುಖಕ್ಕೆ ಅಂದು ಮೊದಲ ಬಾರಿ ಆಶ್ಚರ್ಯ ಬಂತು.

"ನಂಬರ್ ಎಲ್ಲಿದೆ ಸಾರ್?"

"ಅಲ್ಲೇ ಇರ್ಬೇಕು ಸಾರ್..." ನಂದಕುಮಾರ್ ಬಗ್ಗಿ ನೋಡಿದ. "ಆ ದೊಡ್ಡ ಬೊಟ್ಟಿನ ಕೆಳಗೆ."

ದಿವ್ಯ ಮಿಂಚಿನಂತೆ ಮುಂದೆ ಬಂದಳು. ಮಗುವಿನ ವೆಟ್ ವೈಪ್ಸ್ ಎಳೆದಳು, ಲಿಖಿತ್‌ನ ಮೂಗು ಒರೆಸುವ ಅದೇ ಕೈಚಳಕದಿಂದ ಒರೆಸಿದಳು. ಅಂಕಿಗಳು ಒಂದೊಂದಾಗಿ ಪ್ರತ್ಯಕ್ಷವಾದವು. ತಾಳೆಯಾಯಿತು! "ಇಷ್ಟೊಂದು ವೈಪ್ಸ್ ಯಾಕೆ ಅಂತ ಕೇಳಿದ್ರಲ್ಲ, ಈಗ ಗೊತ್ತಾಯ್ತಾ?" ಎಂದು ಗಂಡನ ಕಡೆ ನೋಡಿದ ನೋಟದಲ್ಲಿ ಸಾಕ್ಷಾತ್ ವಿಜಯಲಕ್ಷ್ಮಿ ಇದ್ದಳು.

ವಿಜಯಲಕ್ಷ್ಮಿ ಬಹಳ ಹೊತ್ತು ನಿಲ್ಲಲಿಲ್ಲ. ಸಂಜೀವಯ್ಯ ಗುಂಡುಗಳನ್ನು ಎಣಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದರು.

"ಒಂದು ಕಮ್ಮಿ."

"ಕಮ್ಮಿ ತಾನೆ ಸಾರ್? ಹೆಚ್ಚಿಲ್ವಲ್ಲ! ತೂಕನೂ ಕಮ್ಮಿ ಆಯ್ತು" ಎಂದ ನಂದಕುಮಾರ್, ಮನೆಯ ಮೇಲಂತಸ್ತಿನ ಬಾಡಿಗೆದಾರರ ಜೊತೆ ಮಾತಾಡುವ ಧಾಟಿಯಲ್ಲಿ.

"ಸಾರ್, ಹೆಚ್ಚಿದ್ರೆ ಅದು ನನ್ನ ಕಣ್ಣ ಮುಂದಿರುತ್ತೆ. ಕಮ್ಮಿ ಇರೋದು ಎಲ್ಲಿದೆ? ನಿಮ್ಮ ಜೇಬಲ್ಲಿದ್ಯಾ, ಮೇಡಂ ಬ್ಯಾಗಲ್ಲಿದ್ಯಾ? ಅದು ಗೊತ್ತಾಗೋವರ್ಗೂ ಯಾರೂ ವಿಮಾನ ಹತ್ತಂಗಿಲ್ಲ."

ದಿವ್ಯಳ ಕಣ್ಣು ಲಿಖಿತ್‌ನ ಕಡೆ ಹೊರಳಿತು. ಲಿಖಿತ್ ಏನನ್ನೋ ಅಗಿಯುತ್ತಿದ್ದ!

"ಅಯ್ಯೋ! ರೀ! ಮಗು ಗುಂಡು ನುಂಗ್ಬಿಟ್ಟಿದೆ ರೀ!"

ಬಾಯಿಗೆ ಬೆರಳು ಹಾಕಿದಳು. ಅರ್ಧ ಬಿಸ್ಕತ್ತು ಬಂತು. ಹೊಟ್ಟೆಗೆ ಕಿವಿ ಇಟ್ಟಳು, ಗುಡುಗುಡು ಎಂದಿತು. "ಕುಣೀಬೇಡ ಕಣೋ ಚಿನ್ನ, ಸಿಡಿದೀತು!" ಎಂದು ಅವನನ್ನು ಗಾಜಿನ ಗೊಂಬೆಯಂತೆ ಟ್ರಾಲಿಯ ಮೇಲೆ ಕೂರಿಸಿದಳು. ಕ್ಯೂನಲ್ಲಿದ್ದ ಜನ ಗೌರವಯುತವಾಗಿ ಹಿಂದೆ ಸರಿದರು.

ಸಂಜೀವಯ್ಯ ಒಂದು ಗುಂಡನ್ನು ಎತ್ತಿ ಮಗುವಿನ ಮುಖದ ಪಕ್ಕ ಹಿಡಿದರು. "ನೋಡಿ ಮೇಡಂ, ಹೆಚ್ಚೂಕಮ್ಮಿ ನನ್ನ ಬೆರಳುದ್ದ ಇದೆ. ಇದನ್ನ ನುಂಗಿದ ಮಗು ಹಿಂಗೆ ನಗ್ತಾ ಇನ್ನೊಂದು ಬಿಸ್ಕತ್ ಕೇಳುತ್ತಾ?"

ಲಿಖಿತ್ ನಗುತ್ತಾ ಇನ್ನೊಂದು ಬಿಸ್ಕತ್ ಕೇಳಿದ. ದಿವ್ಯಳಿಗೆ ಹೋದ ಜೀವ ಅರ್ಧ ಬಂತು.

ಉಳಿದರ್ಧ ಬರುವ ಮುನ್ನ ಅವಳ ಕೈಚೀಲ ಮೇಜಿನ ಮೇಲೆ ಬೋರಲು ಬಿತ್ತು. ಜ್ವರದ ಸಿರಪ್ಪು, ಕೆಮ್ಮಿನ ಸಿರಪ್ಪು, ಕೆಮ್ಮಿನ ಸಿರಪ್ಪು ಒಗ್ಗದಿದ್ದರೆ ಇನ್ನೊಂದು ಸಿರಪ್ಪು, ಥರ್ಮಾಮೀಟರು, ಅದು ಸುಳ್ಳು ಹೇಳಿದರೆ ಇರಲೆಂದು ಮತ್ತೊಂದು ಥರ್ಮಾಮೀಟರು, ಕುಲಾವಿ ಮೂರು.

"ಮೇಡಂ, ಅಲ್ಲಿ ಮೆಡಿಕಲ್ ಶಾಪ್ ಇಡ್ತಿದೀರಾ?"

ಗುಂಡಿಲ್ಲ. ಲಿಖಿತ್ ಅವುಚಿಕೊಂಡಿದ್ದ ಪುಟ್ಟ ದಿಂಬಿಗೆ ಕೈ ಹಾಕಿದಾಗ ಅವನು ಇಡೀ ನಿಲ್ದಾಣ ತಿರುಗಿ ನೋಡುವಂತೆ ಕಿರುಚಿದ. ಅದಿಲ್ಲದೆ ಅವನಿಗೆ ನಿದ್ದೆ ಬರುವುದಿಲ್ಲ. "ಇರ್ಲಿ ಇಟ್ಕೊಳಪ್ಪ ರಾಜ, ಮುಂದೆ ಹೇಗೂ ಮಿಷಿನ್ ಇದೆ" ಎಂದು ಸಂಜೀವಯ್ಯನವರೇ ಸೋತರು.

ನಂದಕುಮಾರ್ ಮನೆಗೆ ಫೋನ್ ಹಚ್ಚಿದ. ಅಮ್ಮ ಎತ್ತಲಿಲ್ಲ. ಅಪ್ಪ ಎತ್ತಿದರು.

"ನಿಮ್ಮವ್ವ ಬನಶಂಕರಿ ಗುಡಿಗೆ ಹೋಗವ್ಳೆ ಕಣಪ್ಪ. ನಿಮ್ಮ ಪ್ರಯಾಣಕ್ಕೆ ಯಾವ ಅಡ್ಡಿನೂ ಬರದೆ ಇರ್ಲಿ ಅಂತ ನಿಂಬೆಹಣ್ಣಿನ ದೀಪ ಹಚ್ಚೋಕೆ."

"ಅಪ್ಪ, ಒಂದು ಗುಂಡು ಕಾಣ್ತಿಲ್ಲ!"

"ಗುಂಡಿನ ಮಾತು ಬಿಡು, ಬೆಳಿಗ್ಗೆಯಿಂದ ನನ್ನ ಅಡಕತ್ತರಿ ಕಾಣ್ತಿಲ್ಲ! ಹಲ್ಲಲ್ಲಿ ಕಡಿಯೋಕೆ ಹೋಗಿ ದವಡೆ ಅಲ್ಲಾಡ್ತಿದೆ. ನಮ್ಮಪ್ಪನ ಕಾಲದ್ದು ಕಣೋ ಅದು!"

"ಅಪ್ಪ, ಅಡಕತ್ತರಿ ಆಮೇಲೆ..."

"ನಿನಗೇನು ಗೊತ್ತು ಎಲೆಅಡಕೆ ಹಾಕೋರ ಕಷ್ಟ? ತಡಿ, ಆಟೋ ನಿಂತ ಸದ್ದಾಯ್ತು. ಬಂದ್ಲು, ಮಾತಾಡು."

ಸ್ಪೀಕರಿನಲ್ಲಿ ಮಂಗಮ್ಮನವರ ದನಿ ತುಂಬಿ ಬಂತು. "ಹತ್ತಿದ್ರಾ ಮಗ? ದೀಪ ಚೆನ್ನಾಗಿ ಉರೀತು ಕಣೋ, ಏನೂ ತೊಂದ್ರೆ ಇಲ್ಲ!"

"ಅಮ್ಮ, ಡಬ್ಬಿಯಲ್ಲಿ ಒಂದು ಗುಂಡು ಇಲ್ಲ."

"ಹೆಂಗಿರುತ್ತೆ? ಮೀಸಲು ತೆಗೆದಿಟ್ಟಿದೀನಲ್ಲ!"

ಆ ಮನೆಯ ಪದ್ಧತಿ ಅದು. ಹೊಸ ಅಕ್ಕಿ ಬಂದರೆ ಅನ್ನಕ್ಕಿಡುವ ಮೊದಲು ಒಂದು ಹಿಡಿ ಮನೆದೇವರಿಗೆ ಮೀಸಲು. ಮಾವಿನ ಬುಟ್ಟಿ ಬಂದರೆ ಮೊದಲ ಹಣ್ಣು ಮೀಸಲು. ದೇವರ ಪಾಲು ತೆಗೆಯದೆ ಯಾವುದನ್ನೂ ಬಳಸುವಂತಿಲ್ಲ. ಹೀಗಿರುವಾಗ ಹೊಸ ಡಬ್ಬಿಯ ಗುಂಡುಗಳು ಯಾವ ಲೆಕ್ಕ?

"ನಾನು ಕಣ್ಣಾರೆ ನೋಡ್ಬೇಕು" ಎಂದರು ಸಂಜೀವಯ್ಯ.

ವಿಡಿಯೋ ಕಾಲ್ ಶುರುವಾಯಿತು. ಮೊದಲು ಬೋರಣ್ಣನವರ ಕಿವಿ ಕಂಡಿತು. ಆಮೇಲೆ ಫ್ಯಾನು. ಆಮೇಲೆ ದೇವರಮನೆ. ಕಳಶದ ಮುಂದೆ, ಬೆಳ್ಳಿ ತಟ್ಟೆಯ ಅಕ್ಷತೆಯ ಮೇಲೆ, ತಲೆಗೊಂದು ಕೆಂಪು ದಾಸವಾಳ ಮುಡಿದು, ಕಾಣೆಯಾದ ಗುಂಡು ಪುಟ್ಟ ದೇವರಂತೆ ವಿರಾಜಮಾನವಾಗಿತ್ತು! ಮಂಗಮ್ಮ ಅಭ್ಯಾಸಬಲದಿಂದ ಗಂಟೆ ಬಾರಿಸಿದರು. ಸಂಜೀವಯ್ಯ ಅಭ್ಯಾಸಬಲದಿಂದ ಫೋನಿಗೆ ಕೈಮುಗಿದರು.

ತಕ್ಷಣ ಕೆಮ್ಮಿ ಟೋಪಿ ಸರಿಮಾಡಿಕೊಂಡರು. "ಅಮ್ಮ, ಯಜಮಾನ್ರ ಹೆಸರೂ ಲೈಸೆನ್ಸಲ್ಲಿರೋದಕ್ಕೆ ಬಚಾವ್. ಅದನ್ನ ಈಗ್ಲೇ ಬೀರುಗೆ ಹಾಕಿ ಬೀಗ ಹಾಕಿ. ನಾನು ನೋಡ್ತಿರ್ಬೇಕು."

"ದೇವರ ಮುಂದೆ ಇಟ್ಟಿದ್ದನ್ನ ಎತ್ತೋದಾ ಸ್ವಾಮಿ?"

"ನೈವೇದ್ಯ ಆದ್ಮೇಲೆ ನೀವು ಎತ್ತಲ್ವಾ ಅಮ್ಮ?"

ಮಂಗಮ್ಮ ಯೋಚಿಸಿದರು. "ಅದೂ ಸರಿನೇ."

ಗುಂಡು ಬೀರು ಸೇರಿತು, ಬೀಗ ಬಿತ್ತು. ದಿವ್ಯಳಿಗೆ ತಡೆಯಲಾಗಲಿಲ್ಲ. "ಅತ್ತೆ, ಬನಶಂಕರಮ್ಮನ ಆಣೆ ಮಾಡಿದ್ರಲ್ಲ!"

"ಏನಂತ ಮಾಡಿದ್ದು? ಏನೂ ಹಾಕಲ್ಲ ಅಂತ. ನಾನೇನಾದ್ರೂ ಹಾಕಿದ್ನಾ? ತೆಗ್ದೆ. ತೆಗೀಬೇಡಿ ಅಂತ ನೀನು ಬಾಯಿಬಿಟ್ಟು ಹೇಳಿದ್ಯಾ ತಾಯಿ?"

ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಸಂಜೀವಯ್ಯ ಸಂಖ್ಯೆ ತಿದ್ದಿ, ಸಹಿ ಹಾಕಿಸಿಕೊಂಡು, ಪೆಟ್ಟಿಗೆಗಳನ್ನು ತಾವೇ ಮುಂದೆ ನಿಂತು ಕಳಿಸಿಕೊಟ್ಟರು. "ಹೋಗ್ಬನ್ನಿ ಸಾರ್. ದೇವರಿಗೆ ಪಾಲು ಕೊಟ್ಟಿದೀರಾ, ಹಂದಿ ತಪ್ಪಿಸ್ಕೊಳ್ಳಲ್ಲ."

ಆ ಪೆಟ್ಟಿಗೆಗಳು ಕಣ್ಮರೆಯಾದಾಗ ದಿವ್ಯಳಿಗೆ ಹೆರಿಗೆ ವಾರ್ಡಿನಿಂದ ಮನೆಗೆ ಬಂದಷ್ಟು ನಿರಾಳವಾಯಿತು. ಹಸಿವೆಯಾಯಿತು, ನಾಲಿಗೆಗೂ ಶಕ್ತಿ ಬಂತು. ಸೆಕ್ಯುರಿಟಿ ಕ್ಯೂನಲ್ಲಿ ಭಾಷಣ ಆರಂಭವಾಯಿತು.

"ಓದಿದೋಳು ಅಂತ ನಾನೊಬ್ಬಳಿದ್ದೆ, ಬಚಾವಾದ್ರಿ! ನಿಮ್ಮನೆಯವ್ರ ನಂಬಿಕೆಗಳಿಗೆ ಒಂದು ಮಿತಿ ಬೇಡ್ವಾ? ಗುಂಡಿಗೆ ದಾಸವಾಳ! ಯಾರಿಗಾದ್ರೂ ಹೇಳಿದ್ರೆ ನಗ್ತಾರೆ. ವಾಪಸ್ ಹೋದ್ಮೇಲೆ ಅತ್ತೆ ಹತ್ರ ಕೂತು ಸಮಾಧಾನವಾಗಿ ವೈಜ್ಞಾನಿಕವಾಗಿ..."

ಯಂತ್ರದ ಬೆಲ್ಟು ನಿಂತಿತು. ಹಿಂದಕ್ಕೆ ಹೋಯಿತು. ಮುಂದಕ್ಕೆ ಬಂತು. ಮತ್ತೆ ನಿಂತಿತು.

"ಈ ದಿಂಬು ಯಾರದ್ದು?" ಎಂದಳು ಸಮವಸ್ತ್ರದ ಯುವತಿ.

ಗವಸಿನ ಜಿಪ್ಪು ತೆಗೆದು ಒಳಗೆ ಕೈ ಹಾಕಿದಳು. ಹೊರಬಂದದ್ದು ಎರಡು ಕಾಲಿನ, ಹರಿತವಾದ ಬಾಯಿಯ, ಬೋರಣ್ಣನವರ ಅಪ್ಪನ ಕಾಲದ ಅಡಕತ್ತರಿ!

ನಂದಕುಮಾರನ ಮುಖ ಕೆಂಪಾಯಿತು. "ಅಮ್ಮಂದೇ ಕೆಲಸ! ಇನ್ನು ಸುಮ್ನೆ ಬಿಡಲ್ಲ ನಾನು!" ಫೋನ್ ಸ್ಪೀಕರಿಗೆ ಬಿತ್ತು. "ಅಮ್ಮ! ಏನೂ ಹಾಕಲ್ಲ ಅಂತ ಆಣೆ ಮಾಡಿ ದಿಂಬಿನೊಳಗೆ..."

ಅವನ ತೋಳನ್ನು ಯಾರೋ ಮೆಲ್ಲಗೆ ಎಳೆದರು.

"ರೀ... ಫೋನ್ ಇಡ್ರೀ."

"ಯಾಕೆ ಇಡ್ಲಿ? ಇವತ್ತು ಕೇಳೇ ಬಿಡ್ತೀನಿ!"

"ಅದು... ನಾನೇ ರೀ."

ಆ ವಾರವೆಲ್ಲ ಲಿಖಿತ್ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದ. ದಿವ್ಯ ಇಬ್ಬರು ಡಾಕ್ಟರರನ್ನು ಕೇಳಿದ್ದಳು, ಇಂಟರ್‌ನೆಟ್ಟಿನಲ್ಲಿ ಜಾಲಾಡಿದ್ದಳು. ಕೊನೆಗೆ ಹಿಂದಿನ ರಾತ್ರಿ, ಪಕ್ಕದಲ್ಲಿ ಕಬ್ಬಿಣವಿದ್ದರೆ ಮಗು ಬೆಚ್ಚುವುದಿಲ್ಲವೆಂದು, ಮಾವನ ಎಲೆಅಡಕೆ ತಟ್ಟೆಯಿಂದ ಅದನ್ನೆತ್ತಿ ಯಾರಿಗೂ ಕಾಣದಂತೆ ದಿಂಬಿನ ಗವಸಿಗೆ ಸೇರಿಸಿದ್ದಳು. ಮಗು ಸುಖವಾಗಿ ನಿದ್ರಿಸಿತ್ತು. ಬೆಳಗಿನ ಗಡಿಬಿಡಿಯಲ್ಲಿ ತಾಯಿ ಸುಖವಾಗಿ ಮರೆತಿದ್ದಳು.

"ಯಾರೋ ಅದು, ನಾನೇ ಅಂದಿದ್ದು?" ಫೋನಿನಿಂದ ಮಂಗಮ್ಮ ಕೇಳಿದರು.

"ಸಿಕ್ತಾ ನನ್ನ ಅಡಕತ್ತರಿ?" ಹಿಂದಿನಿಂದ ಬೋರಣ್ಣ ಕೂಗಿದರು.

"ಇದನ್ನ ಇಲ್ಲೇ ಬಿಟ್ಟು ಹೋಗ್ಬೇಕು ಮೇಡಂ" ಎಂದಳು ಯುವತಿ, ಪಕ್ಕದ ತೊಟ್ಟಿ ತೋರಿಸುತ್ತ.

ಗಂಡ ಮಾತ್ರ ಫಿನ್ಲೆಂಡಿನ ಕಪ್ಪನ್ನು ಆಗಲೇ ಗೆದ್ದವನಂತೆ ನಗುತ್ತ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ. ದಿವ್ಯ ಅಡಕತ್ತರಿಯನ್ನೊಮ್ಮೆ ನೋಡಿದಳು, ತೊಟ್ಟಿಯನ್ನೊಮ್ಮೆ ನೋಡಿದಳು.

"ಅತ್ತೆ... ಮಾವನಿಗೆ ಹೇಳ್ಬಿಡಿ. ಅಡಕತ್ತರಿನ ಏರ್‌ಪೋರ್ಟಿಗೆ ಮೀಸಲು ಕೊಟ್ಟೆ."