ಶಂಕ್ರೆಪ್ಪನ ಸಲಾಯಿನ್ ಬಾಟ್ಲಿ

ಮಗಳನ್ನು ನೋಡಲು ಬಬಲೇಶ್ವರದಿಂದ ಗಂಡಿನ ಕಡೆಯವರು ಬರುವ ದಿನವೇ ತಿಕೋಟದ ಶಂಕ್ರೆಪ್ಪನ ಹೊಟ್ಟೆ ಕೆಡಬೇಕೆ! ಯಾರೋ ಬೇಕಂತಲೇ ಏನೋ ತಿನ್ನಿಸಿದ್ದಾರೆ ಎಂದು ಅವನ ಗುಮಾನಿ. ಗುಮಾನಿ ಪಟ್ಟೇ ಹಿಂದೆ ಎರಡು ಗಂಡುಗಳನ್ನು ಓಡಿಸಿದ್ದ ಮಹಾನುಭಾವ.

"ಈ ಸಂಬಂಧಾನೂ ಕೆಡಿಸಿದ್ರ ನಾ ತವರಿಗೆ ಹೊಕ್ಕೀನಿ ನೋಡ್ರಿ," ಎಂದು ಹೆಂಡತಿ ನೀಲಾಬಾಯಿ ಖಡಕ್ಕಾಗಿ ಹೇಳಿದ್ದಳು.

ಡಾಕ್ಟರು ಬಂದು, ಗೋಡೆಯ ಗೂಟಕ್ಕೆ ಸಲಾಯಿನ್ ಬಾಟ್ಲಿ ತೂಗುಹಾಕಿ, ಎಡಗೈಗೆ ಸೂಜಿ ಚುಚ್ಚಿ, ಕಂಪೌಂಡರ್ ಫಕ್ರುದ್ದೀನನನ್ನು ಬಿಟ್ಟುಹೋದರು. ಅವನು ಚಹಾ ಕುಡಿಯಲು ಒಳಗೆ ಹೋದದ್ದೇ ತಡ, ನೆರೆಮನೆಯ ತಿಪ್ಪವ್ವ ಇಣುಕಿದಳು.

"ಹುಷಾರ್ ಇರಪಾ ಶಂಕ್ರೆಪ್ಪಾ! ಬಿಜಾಪುರದಾಗ ಹಿಂಗ ನಳಿಗಿ ಹಚ್ಚಿ ರಗತ ಜಗ್ತಾರಂತ."

ಅಷ್ಟು ಸಾಕಾಯಿತು. ಬಾಟ್ಲಿಯೊಳಗೆ ಏನಿದೆ ನೋಡಿಯೇಬಿಡೋಣವೆಂದು ಶಂಕ್ರೆಪ್ಪ ಅದನ್ನು ಇಳಿಸಿ ನೆಲದ ಮೇಲಿಟ್ಟ. ನಳಿಕೆ ಸರ್‍ರನೆ ಕೆಂಪಾಯಿತು.

"ಯಪ್ಪಾ, ಸತ್ತೆನ್ರೋ! ರಗತ ಹೀರಾಕತ್ತೈತಿ!"

ಫಕ್ರುದ್ದೀನ ಓಡಿಬಂದು ಬಾಟ್ಲಿ ಎತ್ತಿದ. ರಕ್ತ ಹಿಂದಕ್ಕೆ ಸರಿಯಿತು.

"ನೋಡಿದ್ಯಾ? ಸಿಕ್ಕಿಬಿದ್ದ ಕೂಡ್ಲೆ ತಿರುಗಿ ಕೊಟ್ಟ!" ಅಂದಳು ತಿಪ್ಪವ್ವ.

"ಕಾಕಾ, ಕೇಳ್ರಿಲ್ಲೆ," ಎಂದ ಫಕ್ರುದ್ದೀನ. "ಗುಂಡಿಗಿಂದ ಹೊಂಟ ನರದಾಗ ರಗತ ಪಂಪಿನ ಬಾಯಾಗಿನ ನೀರಿನಂಗ ಜೋರ್ ಇರ್ತೈತಿ, ಕೊಯ್ದ್ರ ಚಿಮ್ಮತೈತಿ. ತಿರುಗಿ ಗುಂಡಿಗಿಗೆ ಹೋಗೂ ನರದಾಗ ಆ ಜೋರ್ ಇಲ್ಲ, ಹೊಲದ ಕಡೀ ಮಡಿಗೆ ಬಂದ ನೀರಿನಂಗ ಮೆಲ್ಲಕ ಹರಿತೈತಿ. ಸೂಜಿ ಹಾಕಿದ್ದು ಇದಕ್ಕ. ಬಾಟ್ಲಿ ಮ್ಯಾಲಿದ್ರ ಔಷಧ ಒಳಗ, ಕೆಳಗಿದ್ರ ರಗತ ಹೊರಗ."

"ಜೋರಿನ ನರ ಬಿಟ್ಟು ಈ ಮೈಗಳ್ಳ ನರಕ್ಕ ಯಾಕ ಹಾಕೀರಿ?" ಎಂದ ಶಂಕ್ರೆಪ್ಪ. "ಮೋಸ ಮಾಡ್ತೀರೇನು?"

"ಅದಕ್ಕ ಹಾಕಿದ್ರ ಬಾಟ್ಲಿ ಮಾಳಿಗಿ ಮ್ಯಾಲ ಕಟ್ಟಬೇಕಾಗ್ತೈತ್ರಿ! ಇಲ್ಲಾಂದ್ರ ರಗತಾನ ಬಾಟ್ಲಿ ತುಂಬತೈತಿ."

ಶಂಕ್ರೆಪ್ಪ ತಾನೇ ಬಾಟ್ಲಿ ಇಳಿಸಿದ, ಎತ್ತಿದ, ಮತ್ತೆ ಇಳಿಸಿದ. ಹೇಳಿದ ಹಾಗೇ ಆಯಿತು. ಹುಟ್ಟಿದಾಗಿನಿಂದ ಮೊದಲ ಸಲ ಇನ್ನೊಬ್ಬರ ಮಾತನ್ನು ಪೂರ್ತಿ ನಂಬಿದ. ಸಮಾಧಾನದಿಂದ ಫಕ್ರುದ್ದೀನ ಡಾಕ್ಟರಿಗೆ ಸುದ್ದಿ ಹೇಳಿ ಬರಲು ಹೋದ.

ಸಂಜೆ ಬರಬೇಕಾದ ಗಂಡಿನ ಕಡೆಯವರು ಮಧ್ಯಾಹ್ನದ ಬಸ್ಸಿಗೇ ಬಂದಿಳಿದರು. ಮಲಗಿದ್ದು ಕಂಡರೆ ಮನೆತನಕ್ಕೇ ರೋಗ ಅಂದಾರೆಂದು ಶಂಕ್ರೆಪ್ಪ ದಡಬಡಿಸಿ ಎದ್ದ. ಸೂಜಿಯ ಕೈ, ನಳಿಕೆ ಕಾಣದಂತೆ ಶಾಲು ಹೊದ್ದು, ಬಲಗೈಯಲ್ಲಿ ಬಾಟ್ಲಿಯನ್ನು ತಲೆಯ ಮೇಲಕ್ಕೆತ್ತಿ ಹೊಸ್ತಿಲಲ್ಲಿ ನಿಂತ.

"ಶರಣ್ರೀ!" ಎಂದು ಗಂಡಿನ ತಂದೆ ಶಿವಯೋಗೆಪ್ಪ ಎರಡೂ ಕೈ ಮುಗಿದರು. ಶಂಕ್ರೆಪ್ಪ ಮುಗಿಯಲಿಲ್ಲ. ಹಲ್ಲು ಕಚ್ಚಿ ಹಾಗೇ ನಿಂತಿದ್ದ. ಅವರು ಮೆಟ್ಟಿಲೇರಿದರು.

"ಅಲ್ಲೇ ನಿಲ್ರಿ! ಮೈಗೆ ತಾಗಬ್ಯಾಡ್ರಿ!"

ಶಿವಯೋಗೆಪ್ಪನವರು ಒಂದು ಮೆಟ್ಟಿಲು ಹಿಂದೆ ಸರಿದರು. "ಏನ್ರಿ ಇದು? ಮೊದಲ ಆ ಬಾಟ್ಲಿ ಕೆಳಗ ಇಳಸ್ರಿ!"

"ಇಳಸಂಗಿಲ್ರಿ! ಇಳಿಸಿದ್ರ ರಗತ ಹರಿತೈತಿ!"

ಬಂದವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ನಿಲ್ದಾಣದ ಕಡೆ ಓಟ ಕಿತ್ತರು. ಒಳಗೆ ನೀಲಾಬಾಯಿ ಟ್ರಂಕಿಗೆ ಸೀರೆ ತುಂಬತೊಡಗಿದಳು.

ಫಕ್ರುದ್ದೀನ ಮರಳಿ ಬಂದಾಗಲೂ ಶಂಕ್ರೆಪ್ಪನ ಕೈ ಮೇಲೆಯೇ ಇತ್ತು. ನಡೆದದ್ದೆಲ್ಲ ಕೇಳಿ ಅವನು ನಳಿಕೆಗಿದ್ದ ಸಣ್ಣ ತಿರುಪನ್ನು ತೋರಿಸಿದ.

"ಇದನ್ನ ತಿರುವಿದ್ರ ನಳಿಗಿ ಬಂದ್ ಆಗ್ತಿತ್ತಲ್ರಿ ಕಾಕಾ. ಬಾಟ್ಲಿ ಬಗಲಾಗ ಹಿಡ್ಕೊಂಡು ಆರಾಮ ಕೈ ಮುಗೀಬಹುದಿತ್ತು."

"ಲೇ, ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ನಂಬ್ತಿದ್ರೇನ್ರಿ?"