ಅಕ್ಕತಂಗಿಯರ ಹಾದಿಗೆ ನಾನು ಹಾಕಿಸಿದ ಪಾಲಿಶ್

ಕೆಲಸವಿದ್ದು ನಡೆಯುವವನಿಗೆ ನಮ್ಮಲ್ಲಿ ಮರ್ಯಾದೆಯಿದೆ. ಕೆಲಸವಿಲ್ಲದೆ ನಡೆಯುವವನನ್ನು ಕಂಡರೆ ಎಲ್ಲರಿಗೂ ಅನುಮಾನ. ಸಂಜೆ ಕೈಬೀಸಿಕೊಂಡು ಹೊರಟರೆ ಸಾಕು, ಎತ್ತ ಹೊರಟಿರಿ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ಮನೆಯಲ್ಲಿ ಜಗಳವಾಗಿದೆ ಎಂದುಕೊಳ್ಳುತ್ತಾರೆ. ಇಂಥ ಕಡೆ ಸುಮ್ಮನೆ ತಿರುಗಾಡುವುದಕ್ಕೊಂದು ಹಾದಿಯನ್ನು, ಅದೂ ಸರ್ಕಾರದ ದುಡ್ಡಿನಲ್ಲಿ, ಮಾಡಿಸಿದವನು ನಾನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡಬೇಕಾದದ್ದು ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾವಿರುವುದು ವಾಡಿಯಲ್ಲಿ. ನನ್ನ ಹೆಂಡತಿ ಶಾಂತಮ್ಮನ ಅಕ್ಕ ನಾಗಮ್ಮ ಇರುವುದು ಪಕ್ಕದ ರಾವೂರಿನಲ್ಲಿ. ಇಬ್ಬರಿಗೂ ಸಕ್ಕರೆ ಕಾಯಿಲೆ. ದಿನಾ ನಡೆಯಿರಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದಾರೆ. ನಮ್ಮ ಕಡೆಯ ಕಾಲುಹಾದಿ ಹಳೆಯ ಕಲ್ಲುಗಣಿಯ ಈಚೆ ದಂಡೆಗೆ ಬಂದು ನಿಲ್ಲುತ್ತದೆ, ಅವರ ಕಡೆಯದು ಆಚೆ ದಂಡೆಗೆ. ನಡುವೆ ಬರೀ ಮುಳ್ಳುಕಂಟಿ. ಬಳಸಿ ಹೋಗೋಣವೆಂದರೆ ಲಾರಿಗಳ ರಸ್ತೆ. ಹೀಗಾಗಿ ಅಕ್ಕತಂಗಿ ಆಚೆ ಈಚೆ ನಿಂತು, ಒಬ್ಬರಿಗೊಬ್ಬರು ಕೈಬೀಸುತ್ತ, ಫೋನಿನಲ್ಲಿ ಮಾತಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಾಗಮ್ಮ ಅಲ್ಲಿಗೆ ಬರುವುದನ್ನೂ ಬಿಟ್ಟಳು. "ಅಕ್ಕನ ಕೈ ಹಿಡ್ಕೊಂಡು ನಡೀಲಾಕ ಒಂದು ಹಾದಿ ಇಲ್ಲಲ್ರಿ" ಎಂದು ಶಾಂತಮ್ಮ ಅತ್ತಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಅರ್ಜಿ ಬರೆಯುತ್ತೇನೆ.

ಚಿತ್ತಾಪುರದ ಕಚೇರಿಯಲ್ಲಿ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿ, ರಸ್ತೆಗೆ ದುಡ್ಡಿದೆ, ಗಟಾರಕ್ಕಿದೆ, ತಿರುಗಾಟಕ್ಕೆ ಯಾವ ಯೋಜನೆಯಲ್ಲಿ ಕೊಡಲಿ ಎಂದು ನಕ್ಕರು. "ಲಾರಿಗಿ ರಸ್ತಾ ಮಾಡೀರಿ, ಹೊಲಸು ನೀರಿಗಿ ಗಟಾರ ಮಾಡೀರಿ. ಮನುಷ್ಯಾರು ಎಲ್ಲಿ ನಡೀಬೇಕ್ರಿ ಸಾಹೇಬ್ರ?" ಎಂದೆ. ಅವರ ನಗು ನಿಂತಿತು, ಕಡತ ಮಾತ್ರ ಕದಲಲಿಲ್ಲ. ಅಂದಿನಿಂದ ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಅವರ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತೆ. ಕೊನೆಕೊನೆಗೆ ಜವಾನ ನನ್ನನ್ನೂ ಸಿಬ್ಬಂದಿಯೆಂದುಕೊಂಡು ಚಹಾ ಕೊಡತೊಡಗಿದ. ಒಂದು ವರ್ಷದ ಮೇಲೆ, ಬಹುಶಃ ಬೆಂಚು ಖಾಲಿಯಾಗಲೆಂದೇ, ಎರಡು ಹಾದಿ ಕೂಡಿಸಲು ಮಂಜೂರಾತಿ ಬಂತು.

ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಶಹಾಬಾದಿನಲ್ಲಿ ಮೂವತ್ತು ವರ್ಷ ಫರಸಿಗೆ, ಅಂದರೆ ನೆಲಕ್ಕೆ ಹಾಸುವ ಕಲ್ಲಿಗೆ, ಪಾಲಿಶ್ ಹೊಡೆದ ಕೈ ಇದು. ಕೆಲಸ ಮಾಡಿಸಲು ಬಂದ ಇಂಜಿನಿಯರ್ ಹುಡುಗಿ ಕಲ್ಲಿನ ಒರಟು ಮೈಯನ್ನೇ ಮೇಲಿಟ್ಟು ಹಾಸಿಸಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ಒರಟು ಮೈ ಮೇಲೆ ಮಾಡುವುದು ದನದ ಕೊಟ್ಟಿಗೆಯಲ್ಲಿ. ದೇಶಕ್ಕೆಲ್ಲ ನುಣುಪು ನೆಲ ಕೊಟ್ಟವರು ನಮ್ಮ ಹಾದಿಗೆ ಕೊಟ್ಟಿಗೆಯ ಕಲ್ಲು ಹಾಕುವುದೇ? ಮಳೆಯಾದರೆ ಜಾರುತ್ತದೆ ಎಂದು ಆಕೆ ಮೂರು ಸಲ ಹೇಳಿದಳು. ಈ ಭಾಗದಲ್ಲಿ ಮಳೆ ಎಲ್ಲಿದೆ ತೋರಿಸಿ ಎಂದು ನಾನು ಫರಸಿಯ ಗುಡ್ಡೆಯ ಮೇಲೆ ಕೂತುಬಿಟ್ಟೆ. ಕೂರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಾಗಿತ್ತಲ್ಲ. ಎರಡು ದಿನಕ್ಕೆ ಆಕೆ ಸೋತಳು, ಫರಸಿಗೆ ಪಾಲಿಶ್ ಬಿತ್ತು, ಹಾದಿ ಕನ್ನಡಿಯ ಹಾಗೆ ಹೊಳೆಯಿತು.

ಅಕ್ಕತಂಗಿ ಮೊದಲ ಸಲ ನಡೆಯುವ ಸಂಜೆಯೇ ತುಂತುರು ಹನಿಯಿತು. ನಾನು ಮುಂದೆ ಮುಂದೆ, ಎಡಕ್ಕೆ ಬಲಕ್ಕೆ ಕೈ ತೋರಿಸುತ್ತ ಹೊರಟವನು ಹತ್ತನೇ ಹೆಜ್ಜೆಗೆ ಮಲಗಿದ್ದೆ. ಪಾದದ ಕೀಲು ಮುರಿಯಿತು. ನನ್ನನ್ನು ಆಟೋಗೆ ಹಾಕಿ ಕಳಿಸಿ, ಅವರಿಬ್ಬರೂ ಫರಸಿ ಬಿಟ್ಟು ಪಕ್ಕದ ಮಣ್ಣಿನಲ್ಲಿ, ಕೈ ಕೈ ಹಿಡಿದು, ರಾವೂರಿನ ತುದಿಯವರೆಗೆ ನಡೆದು ಬಂದರಂತೆ. ನಾಗಮ್ಮ ಅವತ್ತು ನಕ್ಕಳಂತೆ, ಎಷ್ಟೋ ತಿಂಗಳ ಮೇಲೆ. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಈಗ ಕಾಲಿಗೆ ಪ್ಲಾಸ್ಟರ್. ಆ ಪಾಲಿಶ್ ಕೆತ್ತಿ ಒರಟು ಮಾಡಿಸಲು ಮತ್ತೆ ಸರ್ಕಾರದ ದುಡ್ಡು ಕೇಳುವ ಅರ್ಜಿ ತಯಾರಾಗುತ್ತಿದೆ. ಕೇಳಬಾರದೇಕೆ? ಹಾದಿ ನಮ್ಮದು. ನನ್ನ ಮೇಲೆ ನಂಬಿಕೆ ಹೋಗಿ ಈ ಸಲ ಶಾಂತಮ್ಮನೇ ಬರೆಯಲು ಕೂತಿದ್ದಾಳೆ. "ಯಾರ ತಪ್ಪಿನಿಂದ ಅಂತ ಕೇಳ್ತಾರ. ಏನ್ ಬರೀಲಿ?" ಎಂದಳು.

"ನನ್ನ ಹೆಸರೇ ಬರಿ. ಆದ್ರ ಪಾಲಿಶ್ ಭಾಳ ಛಲೋ ಆಗಿತ್ತು ಅಂತನೂ ಬರಿ. ಬೀಳೋ ಮುಂದ ಅದರಾಗ ನನ್ನ ಮಾರಿ, ಕನ್ನಡ್ಯಾಗ ಕಂಡಂಗ, ಸಾಫ್ ಕಂಡದ."

ಅವಳು ಮೊದಲನೆಯದನ್ನು ಮಾತ್ರ ಬರೆದಳು. ಎರಡನೆಯದನ್ನು ಸಹಿ ಮಾಡುವಾಗ ನಾನೇ ಕೆಳಗೆ ಸೇರಿಸಿದೆ.