ನಂಜೇಗೌಡನ ಹೊಲದಲ್ಲೆದ್ದ ತೆಂಗಿನಮರ

ತಡೀರಿ, ಪುಟ ಮಗುಚಬೇಡಿ. ಮಜಾ ಇರೋದು ಸಿದ್ದೇಗೌಡ್ರು ಬಂದ್ಮೇಲೆ, ಅಲ್ಲೀವರೆಗೂ ಸ್ವಲ್ಪ ಕಾಯ್ಬೇಕು. ಅಷ್ಟರಲ್ಲಿ ನನ್ನದೊಂದು ಹುಚ್ಚನ್ನ ಒಪ್ಪಿಕೊಂಡ್ಬಿಡ್ತೀನಿ. ನನಗೆ ನೀರುಬಣ್ಣದಲ್ಲಿ ಚಿತ್ರ ಬರೆಯೋ ಹುಚ್ಚು. ಹಿಡಿದು ನಾಲ್ಕು ತಿಂಗಳಾಯ್ತು. ಗುರು ಇಲ್ಲ, ಪಾಠ ಇಲ್ಲ. ಕಡೂರು ಸ್ಟೇಷನ್ನಿಂದ ವರ್ಗವಾಗಿ ಹೋದ ಗಾರ್ಡೊಬ್ಬರು ಸಾಮಾನು ಕಟ್ಟೋವಾಗ, "ಇದು ನನ್ನ ಕೈಲಾಗ್ಲಿಲ್ಲ, ನೀನಾದ್ರೂ ನೋಡಪ್ಪಾ" ಅಂತ ಒಂದು ತಗಡಿನ ಪೆಟ್ಟಿಗೆ ಕೊಟ್ಟು ಹೋದರು. ಅದರಲ್ಲಿ ಹನ್ನೆರಡು ಬಿಲ್ಲೆ ಬಣ್ಣ, ಎರಡು ಕುಂಚ. ನನ್ನ ವಿದ್ಯಾಭ್ಯಾಸ ಅಷ್ಟೇ.

ಮೊದಲನೇ ದಿನ ಆಕಾಶ ಬರೆಯೋಕೆ ಕೂತೆ. ನೀರು ಜಾಸ್ತಿಯಾಗಿ ಆಕಾಶ ಕಾಗದದಿಂದ ಇಳಿದು ನನ್ನ ಪಂಚೆ ಮೇಲೆ ಬಂತು. ನಾನಿರೋದು ಅಕ್ಕ ಭಾವನ ಮನೇಲಿ. ಅಕ್ಕ ನೋಡಿ, "ಲೇ, ನೀಲಿ ಹಾಕೋದಾದ್ರೆ ಪೂರ್ತಿ ಪಂಚೆಗೆ ಹಾಕ್ಬಾರ್ದೇನೋ?" ಅಂದ್ಲು. ಎರಡನೇ ದಿನ ಹಸು ಬರೆದೆ. ಭಾವ ಬಹಳ ಹೊತ್ತು ನೋಡಿ, "ಮಂಚ ಗಟ್ಟಿಯಾಗಿದೆ ಕಣಯ್ಯ" ಅಂದರು. ಅಂದ್ಕೊಳ್ಳಲಿ ಬಿಡಿ. ನಾನು ತಾಲ್ಲೂಕು ಕಚೇರಿ ಗುಮಾಸ್ತ. ಬೆಳಗಿಂದ ಸಂಜೆವರೆಗೂ ನಕಲು ಬರೆಯೋದು. ಒಂದಕ್ಷರ ಅತ್ತಿತ್ತ ಆದ್ರೆ ಶಿರಸ್ತೇದಾರ್ರು ಕನ್ನಡಕದ ಮೇಲಿಂದ ನೋಡ್ತಾರೆ. ಬಣ್ಣದ ಕೆಲಸ ಹಾಗಲ್ಲ. ಒದ್ದೆ ಕಾಗದದ ಮೇಲೆ ಹಳದಿ ಇಟ್ಟು ಪಕ್ಕದಲ್ಲಿ ನೀಲಿ ಮುಟ್ಟಿಸಿದ್ರೆ, ಎರಡೂ ಮೆಲ್ಲಗೆ ಹರಿದು ಬಂದು, ಯಾರೂ ಹುಕುಂ ಮಾಡದೇನೇ ಹಸಿರಾಗ್ತವೆ. ಅದನ್ನ ನೋಡ್ತಾ ಕೂತ್ರೆ ಬಿಗಿದ ಹೆಗಲು ತಾನಾಗೇ ಇಳಿಯುತ್ತೆ. ಊಟದ ಹೊತ್ತು ಮರೆತುಹೋಗುತ್ತೆ. ಶಿರಸ್ತೇದಾರ್ರೂ ಒಳ್ಳೆಯವರು ಅನ್ನಿಸಿಬಿಡುತ್ತೆ. ಇನ್ನೇನು ಬೇಕು ಹೇಳಿ!

ಹೋದ ತಿಂಗಳು ಒಂದು ಭಾನುವಾರ ದೇವನೂರು ದಾರೀಲಿರೋ ಒಂದು ಹಳ್ಳಿಗೆ ಪೆಟ್ಟಿಗೆ ಹಿಡ್ಕೊಂಡು ಹೋದೆ. ಅಲ್ಲಿ ಎರಡು ಹೊಲ, ನಡುವೆ ಕತ್ತಾಳೆ ಬೇಲಿ. ಎಡಗಡೇದು ಸಿದ್ದೇಗೌಡ್ರದು, ಬಲಗಡೇದು ಅವರ ದಾಯಾದಿ ನಂಜೇಗೌಡಂದು. ಗೌಡ್ರ ಕಡೆ, ಬೇಲಿಗೆ ಹತ್ಕೊಂಡಂಗೆ, ಒಂದು ತೆಂಗಿನಮರ. ಬಯಲು ಬೇಲಿ ಎಲ್ಲಾ ಬರೆದು, ಕೊನೇಲಿ ಮರ ಬರೆಯೋಣ ಅಂತ ಕುಂಚದ ತುಂಬ ಹಸಿರು ಅದ್ದಿ ಎತ್ತಿದೆ ನೋಡಿ, ಟಪ್ ಅಂತ ಒಂದು ತೊಟ್ಟು ಬೇಲಿಯಾಚೆ ನಂಜೇಗೌಡನ ಹೊಲದ ಮೇಲೆ ಬಿದ್ದುಬಿಡ್ತು. ಒರೆಸಿದೆ, ಹರಡಿತು. ಗಾಬರಿಯಾಗಿ ಊದಿದೆ, ನಾಲ್ಕೂ ಕಡೆ ಗರಿ ಬಿಟ್ಟಿತು. ಗರಿ! ಕೆಳಗೊಂದು ಕಾಂಡ ಎಳೆದೆ. ನನ್ನ ಜನ್ಮದಲ್ಲಿ ಅಂಥ ತೆಂಗಿನಮರ ಬರೆದಿರ್ಲಿಲ್ಲ. ನಿಜವಾದ ಮರವನ್ನ ಕೈಬಿಟ್ಟೆ. ಒಂದೇ ಕಾಗದದಲ್ಲಿ ಎರಡು ಮರ ಬರೆಯೋ ತ್ರಾಣ ನನಗಿನ್ನೂ ಬಂದಿಲ್ಲ.

ಅಷ್ಟರಲ್ಲಿ ಹಿಂದಿಂದ ಯಾರೋ, "ಆಹಾ, ಏನ್ ಮರ ಸ್ವಾಮಿ!" ಅಂದರು. ನಂಜೇಗೌಡ. "ಇದ್ನ ನಂಗೇ ಕೊಟ್ಬಿಡಿ. ಕೆಳಗೊಂದು ರುಜು ಹಾಕಿ." ನನ್ನ ಚಿತ್ರ ಬೇಕು ಅಂದ ಮೊಟ್ಟಮೊದಲ ಪ್ರಾಣಿ ಆತ! ರುಜು ಹಾಕಿದೆ. ಹಾಕಿದ ಕೈ ಅಭ್ಯಾಸಬಲದಿಂದ ಅಲ್ಲಿಗೇ ನಿಲ್ಲದೆ, ಕೆಳಗೆ "ಗುಮಾಸ್ತ, ತಾಲ್ಲೂಕು ಕಚೇರಿ, ಕಡೂರು" ಅಂತಲೂ ಬರೆದುಬಿಡ್ತು.

ಮುಂದಿನ ಭಾನುವಾರ ಹೋದ್ರೆ ಬೇಲಿ ಹತ್ರ ಅರ್ಧ ಊರು ನಿಂತಿದೆ. ಮಧ್ಯದಲ್ಲಿ ನನ್ನ ಚಿತ್ರ ಹಿಡಿದು ಸಿದ್ದೇಗೌಡ್ರು. ಕಚೇರಿಯೋರೇ ರುಜು ಹಾಕಿ ಕೊಟ್ಟವ್ರೆ, ಮರ ನಂದೇ ಅಂತ ನಂಜೇಗೌಡ ಅದನ್ನ ಊರಿಗೆಲ್ಲ ತೋರಿಸಿದ್ನಂತೆ.

"ಏನ್ ಸ್ವಾಮಿ, ನನ್ ಮರಾನ ಯಾವಾಗ ವರ್ಗ ಮಾಡಿದ್ರಿ?"

"ಗೌಡ್ರೇ, ಮರ ಅಲ್ಲೇ ಇದೆಯಲ್ಲ, ತಿರುಗಿ ನೋಡಿ."

"ಮರದ್ದೇನು, ಜೋರಾಗಿ ಗಾಳಿ ಬೀಸಿದ್ರೆ ಬಿದ್ದೋಯ್ತದೆ. ಕಚೇರಿ ಕಾಗದ ಬೀಳ್ತದಾ? ನಡೀರಿ, ಅಮಲ್ದಾರ್ರ ತಾವ್ಕೇ ಹೋಗಾನ."

ನಂಜೇಗೌಡ ಮುಂದೆ ಬಂದ. "ದೊಡ್ಡಪ್ಪ, ಸ್ವಾಮಿಯೋರು ಕಣ್ಣಾರೆ ಕಂಡು ಬರ್ದವ್ರೆ. ನೋಡ್ದೆ ಇಂಥ ಮರ ಬರೆಯಕ್ಕಾಯ್ತದಾ? ಹೇಳಿ ಸ್ವಾಮಿ!"

ನನ್ನ ಪಾಡು ನೋಡಿ. ಹೂಂ ಅಂದ್ರೆ ಗೌಡ್ರ ಮರ ಹೋಗುತ್ತೆ. ಉಹೂಂ ಅಂದ್ರೆ ಲೋಕದಲ್ಲಿ ನನಗಿರೋ ಒಬ್ಬನೇ ಅಭಿಮಾನಿ ಹೋಗ್ತಾನೆ. ಕೊನೆಗೆ ನೆಲ ನೋಡ್ತಾ ಅಂದೆ: "ಅದು ಮರ ಅಲ್ಲ. ಬಣ್ಣ ತೊಟ್ಟಿಕ್ಕಿತು. ಊದಿದೆ, ಗರಿ ಬಂತು. ಕಾಂಡ ಒಂದೇ ನಂದು."

ನಂಜೇಗೌಡ ನನ್ನನ್ನ ನೋಡಿದ ನೋಟಾನ ನಾನು ಮರೆಯೋದಿಲ್ಲ. "ಹಂಗಾರೆ ನಿಮಗೆ ಬರೆಯಾಕೆ ಬರಾಕಿಲ್ವಾ?" ಅಂದ.

"ಕಲೀತಿದೀನಿ" ಅಂದೆ.

ಸಿದ್ದೇಗೌಡ್ರು ನಕ್ಕರು ನೋಡಿ, ತಲೆ ರುಮಾಲು ಬಿಚ್ಚಿ ಕಣ್ಣು ಒರೆಸ್ಕೊಳ್ಳೋ ಹಾಗಾಯ್ತು. ರುಜು ಇದ್ದ ತುದೀನ ಮಾತ್ರ ಹರಿದು ಜೇಬಿಗೆ ಹಾಕ್ಕೊಂಡು, ಚಿತ್ರಾನ ವಾಪಸ್ ಕೊಡೋಕೆ ಬಂದವರು ಮತ್ತೆ ಕಣ್ಣಿಗೆ ಹತ್ತಿರ ಹಿಡಿದರು. ಬೇಲಿ ಪಕ್ಕ ಕಂದು ಬಣ್ಣದ್ದೇನೋ ಇತ್ತು. ಅದರ ಮೇಲೆ ಬೆರಳಿಟ್ಟು, "ಇದೂ ತೊಟ್ಟಿಕ್ಕಿದ್ದೇನಾ ಸ್ವಾಮಿ?" ಅಂತ ಕೇಳಿದರು.

ಅದೊಂದನ್ನ ನಾನು ಉಸಿರು ಬಿಗಿಹಿಡಿದು, ಮುಕ್ಕಾಲು ಗಂಟೆ ಕೂತು, ಒಂದು ಹನಿ ಬೀಳದಂಗೆ ಬರೆದಿದ್ದೆ. ಅವತ್ತು ಬೇಲಿ ಹತ್ರ ಕೂತು ಎಲೆ ಅಡಿಕೆ ಹಾಕ್ಕೊಳ್ತಿದ್ದ ಸಿದ್ದೇಗೌಡ್ರೇ ಅದು.

"ಹೂಂ ಗೌಡ್ರೇ, ಅದೂ ತೊಟ್ಟೇ" ಅಂದೆ.

ಓದುಗರೇ, ನಿಮ್ಮಲ್ಲೂ ಯಾರಾದ್ರೂ ಕುಂಚ ಹಿಡಿದಿದ್ರೆ, ಮನುಷ್ಯರನ್ನ ಮನುಷ್ಯರ ಥರ ಕಾಣಿಸೋಕೆ ಏನು ಮಾಡಿದ್ರಿ ಅಂತ ಪತ್ರಿಕೆಗೆ ಎರಡು ಸಾಲು ಬರೀರಿ. ದಯವಿಟ್ಟು ಬೇಗ ಬರೀರಿ. ಬರೋ ಭಾನುವಾರ ರುಮಾಲು ಸುತ್ಕೊಂಡು ಕೂತಿರ್ತೀನಿ, ನನ್ನ ಚಿತ್ರ ಬರ್ಕೊಡಿ ಅಂತ ಸಿದ್ದೇಗೌಡ್ರು ಹೇಳಿಕಳಿಸಿದಾರೆ.